ಬೆಂಗಳೂರಿನಲ್ಲಿ ಹುಟ್ಟಿದ ಲೆಕ್ಕ: ಲಿನಕ್ಸ್ ತಿರುಳಿನ ಹಳೆಯ ಕಟ್ಟಳೆಗಳಿಗೆ ನಿವೃತ್ತಿ

ಗಣಕಯಂತ್ರವೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಪರದೆ, ಕೀಲಿಮಣೆ, ಹೆಚ್ಚೆಂದರೆ ಅಂಗೈಯಲ್ಲಿರುವ ಮೊಬೈಲು. ಇವುಗಳ ಹಿಂದೆ ನಿಂತು ಯಂತ್ರಕ್ಕೂ ತಂತ್ರಾಂಶಕ್ಕೂ ನಡುವೆ ಪಾರುಪತ್ಯ ನಡೆಸುವ ಕಾರ್ಯಾಚರಣ ವ್ಯವಸ್ಥೆಯ ಬಗ್ಗೆ ನಾವು ಯೋಚಿಸುವುದು ಅಪರೂಪ. ಆ ವ್ಯವಸ್ಥೆಯ ನಡುಗಂಬವೇ ಕರ್ನೆಲ್, ಅಂದರೆ ತಿರುಳು. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ತಿರುಳು ಇಂದು ಆಂಡ್ರಾಯ್ಡ್ ಮೊಬೈಲುಗಳೊಳಗೂ ಅಂತರಜಾಲವನ್ನು ನಡೆಸುವ ಬಹುಪಾಲು ಸರ್ವರುಗಳೊಳಗೂ ಕುಳಿತಿದೆ. ಜಗತ್ತಿನ ಅತಿವೇಗದ ಐನೂರು ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿರುವ ಯಂತ್ರಗಳೆಲ್ಲವೂ 2017ರ ನವೆಂಬರಿನಿಂದ ಈಚೆಗೆ ಲಿನಕ್ಸನ್ನೇ ಬಳಸುತ್ತಿವೆ.

ಈ ತಿರುಳಿನೊಳಗೆ ಕೆಲವು ವರ್ಷಗಳಿಂದ ಸದ್ದಿಲ್ಲದೆ ಒಂದು ನಿವೃತ್ತಿ ಸಮಾರಂಭ ನಡೆಯುತ್ತಿದೆ. ಹಾರವಿಲ್ಲ, ಶಾಲಿಲ್ಲ. ಸ್ಮೃತಿಯನ್ನು, ಅಂದರೆ ಮೆಮೊರಿಯನ್ನು, ಯಾರಿಗೆ ಎಷ್ಟು ಕೊಡಬೇಕೆಂದು ನಿರ್ಧರಿಸುತ್ತಿದ್ದ ಹಳೆಯ ಕಟ್ಟಳೆಗಳು ಒಂದೊಂದಾಗಿ ಹುದ್ದೆಯಿಂದ ಇಳಿಯುತ್ತಿವೆ. ಇದನ್ನು ನಮ್ಮ ಸಂಘದ ಓದುಗರ ಮುಂದಿಡಲು ಕಾರಣವಿದೆ. ಈ ಕಟ್ಟಳೆಗಳ ಮೂಲ ಕರಡು ರೂಪುಗೊಂಡದ್ದು ಅಮೆರಿಕೆಯಲ್ಲಲ್ಲ, ಬೆಂಗಳೂರಿನಲ್ಲಿ. ನಮ್ಮಲ್ಲಿ ಅನೇಕರ ಮಕ್ಕಳು, ಸೊಸೆಯಂದಿರು, ಅಳಿಯಂದಿರು ಅದೇ ಊರಿನ ತಂತ್ರಾಂಶ ಸಂಸ್ಥೆಗಳಲ್ಲಿ ಕೆಲಸ ಮಾಡುತ್ತಿದ್ದರೂ ಅಲ್ಲಿ ಏನು ತಯಾರಾಗುತ್ತದೆಂದು ಕೇಳಿದರೆ ನಮ್ಮ ಬಳಿ ಉತ್ತರವಿರುವುದಿಲ್ಲ. ಅಲ್ಲಿ ತಯಾರಾದ ಒಂದು ವಸ್ತುವಿನ ಹುಟ್ಟು, ಬೆಳವಣಿಗೆ, ಮುಪ್ಪುಗಳನ್ನು ತಿಳಿಯುವ ಪ್ರಯತ್ನವಿದು. ಕಲಾ ಪದವೀಧರನೊಬ್ಬ ಬರೆದದ್ದಾದುದರಿಂದ ಸೂತ್ರಗಳ ಭಯ ಬೇಡ.

ಮೊದಲು ಸ್ಮೃತಿಯ ಸ್ವರೂಪವನ್ನು ನೋಡೋಣ. ಬ್ಯಾಂಕಿನಲ್ಲಿ ನಗದು ಎರಡು ಕಡೆ ಇರುತ್ತದೆ. ಕ್ಯಾಶಿಯರನ ಮೇಜಿನ ಸೆಳೆಖಾನೆಯಲ್ಲಿ ಸ್ವಲ್ಪ, ಒಳಗಿನ ಭದ್ರಕೋಣೆಯಲ್ಲಿ ಬಹಳ. ಸೆಳೆಖಾನೆಯ ಹಣ ತಕ್ಷಣ ಕೈಗೆ ಸಿಗುತ್ತದೆ, ಆದರೆ ಅದರ ಜಾಗ ಚಿಕ್ಕದು. ಭದ್ರಕೋಣೆಯಲ್ಲಿ ಜಾಗ ಧಾರಾಳ, ಆದರೆ ಎರಡು ಬೀಗ ತೆರೆದು ತರಲು ಹೊತ್ತು ಹಿಡಿಯುತ್ತದೆ. ಗಣಕದ ರ‍್ಯಾಮ್ ಎಂಬುದು ಸೆಳೆಖಾನೆ, ಡಿಸ್ಕು ಭದ್ರಕೋಣೆ. ತಿರುಳು ಈ ಸೆಳೆಖಾನೆಯನ್ನು ಸಾಮಾನ್ಯವಾಗಿ 4096 ಬೈಟುಗಳ ಸಣ್ಣ ತುಂಡುಗಳಾಗಿ ವಿಂಗಡಿಸಿಕೊಳ್ಳುತ್ತದೆ. ಒಂದೊಂದು ತುಂಡಿಗೂ ಪುಟವೆಂದು ಹೆಸರು. ತಂತ್ರಾಂಶ ಕೇಳಿದಾಗ ಪುಟ ಕೊಡುವುದು, ಸೆಳೆಖಾನೆ ತುಂಬಿದಾಗ ಬಹುಕಾಲ ಬಳಕೆಯಾಗದ ಪುಟಗಳನ್ನು ಹಿಂಪಡೆಯುವುದು, ಹಿಂಪಡೆದುದನ್ನು ಅಗತ್ಯವಿದ್ದರೆ ಡಿಸ್ಕಿಗೆ ಸಾಗಿಸುವುದು, ಇವು ತಿರುಳಿನ ನಿತ್ಯಕರ್ಮ. ಎಲ್ಲ ಉಪಾಯಗಳೂ ಮುಗಿದು ಪುಟವೇ ಸಿಗದ ಸ್ಥಿತಿ ಬಂದರೆ ಅದು ಯಾವುದಾದರೊಂದು ತಂತ್ರಾಂಶವನ್ನು ಬಲಿಕೊಟ್ಟು ಉಳಿದವುಗಳನ್ನು ಬದುಕಿಸುತ್ತದೆ. ಮೊಬೈಲಿನಲ್ಲಿ ಹಿಂದೆ ತೆರೆದಿಟ್ಟ ಆಪ್‌ಗೆ ಮರಳಿದಾಗ ಅದು ಮೊದಲಿನಿಂದ ಆರಂಭವಾಗುವುದನ್ನು ಕಂಡಿದ್ದೀರಷ್ಟೆ. ಅದರ ಹಿಂದೆ ಹಲವು ಬಾರಿ ಇಂಥದೇ ಬಲಿಯೊಂದು ನಡೆದಿರುತ್ತದೆ.

ಒಂದು ಯಂತ್ರ, ಒಬ್ಬ ಯಜಮಾನ ಎಂಬ ಕಾಲದಲ್ಲಿ ಇಷ್ಟು ಸಾಕಾಗಿತ್ತು. ಈ ಶತಮಾನದ ಮೊದಲ ದಶಕದಲ್ಲಿ ಪರಿಸ್ಥಿತಿ ಬದಲಾಯಿತು. ಒಂದೇ ದೊಡ್ಡ ಸರ್ವರಿನಲ್ಲಿ ಹತ್ತಾರು ಗಿರಾಕಿಗಳ ಕೆಲಸ ನಡೆಯತೊಡಗಿತು. ಒಬ್ಬನ ತಂತ್ರಾಂಶ ಹೊಟ್ಟೆಬಾಕನಾದರೆ ಉಳಿದವರಿಗೆಲ್ಲ ಉಪವಾಸ. ಆದ್ದರಿಂದ ತಂತ್ರಾಂಶಗಳನ್ನು ಗುಂಪುಗಳಾಗಿ ಕಟ್ಟಿ ಒಂದೊಂದು ಗುಂಪಿಗೂ ಇಷ್ಟೇ ಪಾಲು ಎಂದು ಗೊತ್ತುಮಾಡುವ ಏರ್ಪಾಡು ಬೇಕಾಯಿತು. 2006ರಲ್ಲಿ ಗೂಗಲ್ ಸಂಸ್ಥೆಯ ಪಾಲ್ ಮೆನೇಜ್ ಮತ್ತು ರೋಹಿತ್ ಸೇಠ್ ಗುಂಪು ಕಟ್ಟುವ ಚೌಕಟ್ಟನ್ನು ರೂಪಿಸತೊಡಗಿದರು. ಕಂಟ್ರೋಲ್ ಗ್ರೂಪ್, ಸಂಕ್ಷೇಪವಾಗಿ ಸಿಗ್ರೂಪ್ ಎಂಬ ಹೆಸರಿನಲ್ಲಿ ಅದು 2008ರ ಜನವರಿಯಲ್ಲಿ ಬಿಡುಗಡೆಯಾದ 2.6.24ನೆಯ ಆವೃತ್ತಿಯಲ್ಲಿ ಲಿನಕ್ಸ್ ತಿರುಳಿನ ಭಾಗವಾಯಿತು.

ಗುಂಪು ಕಟ್ಟಿದ್ದಾಯಿತು, ಸ್ಮೃತಿಯ ಲೆಕ್ಕ ಬರೆಯುವವರಾರು? ಆ ಹೊಣೆ ಹೊತ್ತವರಲ್ಲಿ ಪ್ರಮುಖರು ಐಬಿಎಂ ಸಂಸ್ಥೆಯ ಲಿನಕ್ಸ್ ತಂತ್ರಜ್ಞಾನ ಕೇಂದ್ರದ ಪರವಾಗಿ ಬೆಂಗಳೂರಿನಿಂದ ಕೆಲಸ ಮಾಡುತ್ತಿದ್ದ ಬಲ್ಬೀರ್ ಸಿಂಗ್. ಅವರ ಸಹೋದ್ಯೋಗಿ ವೈದ್ಯನಾಥನ್ ಶ್ರೀನಿವಾಸನ್, ರಷ್ಯದ ಪಾವೆಲ್ ಎಮೆಲಿಯಾನೊವ್, ಜಪಾನಿನ ಕಾಮೆಜಾವಾ ಹಿರೊಯುಕಿ ಮೊದಲಾದವರೂ ಕೈಜೋಡಿಸಿದರು. 2007ರಲ್ಲಿ ಕೆನಡಾದ ಒಟ್ಟಾವಾದಲ್ಲಿ ನಡೆದ ಲಿನಕ್ಸ್ ಸಮಾವೇಶದಲ್ಲಿ ಬಲ್ಬೀರ್ ಸಿಂಗ್ ಮತ್ತು ವೈದ್ಯನಾಥನ್ ಈ ಕೆಲಸದ ತೊಡಕುಗಳ ಬಗ್ಗೆ ಪ್ರಬಂಧ ಮಂಡಿಸಿದ್ದರು. 2008ರ ಏಪ್ರಿಲಿನಲ್ಲಿ ಹೊರಬಂದ 2.6.25ನೆಯ ಆವೃತ್ತಿಯಲ್ಲಿ ಮೆಮೊರಿ ಕಂಟ್ರೋಲರ್ ಎಂಬ ಈ ಲೆಕ್ಕಿಗನಿಗೆ ಕೆಲಸದ ಆದೇಶ ಸಿಕ್ಕಿತು.

ಲೆಕ್ಕಿಗನಿಗೆ ಎದುರಾದ ಮೊದಲ ಪ್ರಶ್ನೆಯೇ ರಸವತ್ತಾದುದು. ಎರಡು ಗುಂಪುಗಳು ಒಂದೇ ಕಡತವನ್ನು ಓದುತ್ತಿದ್ದರೆ, ಆ ಕಡತದ ಪುಟಗಳು ಸ್ಮೃತಿಯಲ್ಲಿ ಒಂದೇ ಪ್ರತಿಯಾಗಿರುತ್ತವೆ. ಹಾಗಾದರೆ ಖರ್ಚನ್ನು ಯಾರ ಖಾತೆಗೆ ಬರೆಯಬೇಕು? ಸಮಪಾಲು ಮಾಡುವುದು ನ್ಯಾಯವೆಂದು ತೋರುತ್ತದೆ. ಆದರೆ ಗುಂಪುಗಳು ಬಂದು ಹೋದಂತೆಲ್ಲ ಲಕ್ಷಾಂತರ ಪುಟಗಳ ಪಾಲನ್ನು ಮತ್ತೆ ಮತ್ತೆ ಎಣಿಸಬೇಕಾಗುತ್ತದೆ. ಆದ್ದರಿಂದ ಮೊದಲು ಮುಟ್ಟಿದವನ ಲೆಕ್ಕಕ್ಕೆ ಎಂಬ ನಿಯಮ ಮಾಡಿದರು. ವಠಾರದ ನಾಲ್ಕು ಮನೆಗಳಿಗೆ ಸೇರಿ ಬರುವ ದಿನಪತ್ರಿಕೆಯನ್ನು ಬೆಳಿಗ್ಗೆ ಮೊದಲು ಬಿಡಿಸಿದವರು ಅದರ ಹಣ ಕೊಡಬೇಕು ಎಂದಂತೆ. ನ್ಯಾಯ ಪರಿಪೂರ್ಣವಲ್ಲ, ಆದರೆ ಲೆಕ್ಕ ಸುಲಭ, ಜಗಳ ಕಡಿಮೆ. ಇಂದಿಗೂ ಆ ನಿಯಮ ಮೂಲಸ್ವರೂಪದಲ್ಲಿ ಉಳಿದಿದೆ. ಬ್ಯಾಂಕಿನ ಲೆಕ್ಕದಲ್ಲಿ ಇಷ್ಟು ಸರಳವಾದ ನಿಯಮಗಳು ಇಷ್ಟು ಕಾಲ ಬಾಳಿದ್ದನ್ನು ನಾನು ಕಂಡಿಲ್ಲ.

ವ್ಯವಸ್ಥಾಪಕನು ಗುಂಪಿನ ಮಿತಿಯನ್ನು ಗೊತ್ತುಮಾಡುವ ವಿಧಾನವೂ ಸರಳ. ಪ್ರತಿ ಗುಂಪಿಗೂ ಒಂದು ಕೋಶ, ಕೋಶದೊಳಗೆ ಕೆಲವು ಕಡತಗಳು. ಲಿಮಿಟ್ ಇನ್ ಬೈಟ್ಸ್ ಎಂಬ ಕಡತದಲ್ಲಿ ಒಂದು ಸಂಖ್ಯೆ ಬರೆದರೆ ಅದೇ ಆ ಗುಂಪಿನ ಗರಿಷ್ಠ ಮಿತಿ. ಮತ್ತೊಂದು ಕಡತವನ್ನು ಓದಿದರೆ ಈವರೆಗೆ ಖರ್ಚಾದದ್ದೆಷ್ಟು ಎಂಬುದು ತಿಳಿಯುತ್ತದೆ. ಇಂಥ ಒಂದೊಂದು ಕಡತವನ್ನೇ ಈ ಲೇಖನದಲ್ಲಿ ಕಟ್ಟಳೆ ಎಂದು ಕರೆಯುತ್ತಿದ್ದೇನೆ. ನಮ್ಮ ಹುಡುಗರು ಸೆಟ್ಟಿಂಗ್ ಎನ್ನುತ್ತಾರೆ.

ಆರಂಭದಲ್ಲಿ ಬೆರಳೆಣಿಕೆಯಷ್ಟಿದ್ದ ಕಟ್ಟಳೆಗಳು ವರ್ಷವರ್ಷಕ್ಕೂ ಹೆಚ್ಚಿದವು. 2009ರಲ್ಲಿ ಗುಂಪಿನೊಳಗೆ ಉಪಗುಂಪುಗಳ ಲೆಕ್ಕಕ್ಕೆ ಒಂದು, ಅದೇ ವರ್ಷದ ಕೊನೆಗೆ ಮೃದುಮಿತಿಗೆ ಒಂದು, 2010ರಲ್ಲಿ ಖಾತೆ ವರ್ಗಾವಣೆಗೆ ಒಂದು, 2013ರಲ್ಲಿ ತಿರುಳು ತನಗಾಗಿ ಬಳಸುವ ಸ್ಮೃತಿಗೆ ಒಂದು, ಅದೇ ವರ್ಷ ಒತ್ತಡದ ಸೂಚನೆಗೆ ಇನ್ನೊಂದು. ಒಂದೊಂದನ್ನೂ ಆ ಕಾಲಕ್ಕೆ ಯಾರೋ ಸಕಾರಣವಾಗಿಯೇ ಕೇಳಿದ್ದರು. ಆದರೆ ಹಳೆಯ ಮನೆಗೆ ಸೇರಿಸುತ್ತ ಹೋದ ಕೋಣೆಗಳಂತೆ, ಬರುಬರುತ್ತ ಒಂದು ಕೋಣೆಯ ಬಾಗಿಲು ಇನ್ನೊಂದರ ಗೋಡೆಗೆ ಬಡಿಯತೊಡಗಿತು.

ಉಪಗುಂಪುಗಳ ಕಟ್ಟಳೆಯನ್ನೇ ನೋಡಿ. ಯೂಸ್ ಹೈರಾರ್ಕಿ ಎಂದು ಅದರ ಹೆಸರು. ಅದರಲ್ಲಿ 1 ಎಂದು ಬರೆದರೆ ಮಕ್ಕಳ ಖರ್ಚು ತಂದೆಯ ಲೆಕ್ಕಕ್ಕೂ ಸೇರುತ್ತದೆ. 0 ಎಂದಿದ್ದರೆ ಸೇರುವುದಿಲ್ಲ. ಏನೂ ಹೇಳದಿದ್ದರೆ 0 ಎಂದೇ ಅರ್ಥ. ಕೂಡುಕುಟುಂಬದ ಯಜಮಾನನಿಗೆ ತಿಂಗಳಿಗೆ ಇಂತಿಷ್ಟು ಎಂದು ಗೊತ್ತುಮಾಡಿ, ಅವನ ಮಕ್ಕಳು ಅದೇ ಮನೆಯಲ್ಲಿ ಬೇರೆ ಒಲೆ ಹೂಡಿ ಮಾಡುವ ಖರ್ಚನ್ನು ಎಣಿಸದೆ ಬಿಟ್ಟರೆ ಆ ಮಿತಿಗೆ ಅರ್ಥವೇನು? ನೋಡುವವರಿಗೆ ಎಲ್ಲವೂ ಒಂದೇ ಮನೆ, ಒಳಗೆ ಲೆಕ್ಕ ಮಾತ್ರ ಹತ್ತು. ಒಂದೇ ತಿರುಳು ಎರಡೂ ಬಗೆಯ ಮನೆತನಗಳನ್ನು ಸಂಭಾಳಿಸಬೇಕಾದ್ದರಿಂದ ಪ್ರತಿ ಹೊಸ ಸೌಲಭ್ಯವನ್ನೂ ಎರಡು ಸಲ ಯೋಚಿಸಿ ಬರೆಯಬೇಕಾಯಿತು.

ಮೃದುಮಿತಿಯ ಕಥೆ ಬೇರೆ. ಸ್ಮೃತಿ ಧಾರಾಳವಾಗಿರುವಾಗ ಗುಂಪು ತನ್ನ ಮೃದುಮಿತಿಯನ್ನು ದಾಟಬಹುದು, ಅಭಾವ ಬಂದಾಗ ದಾಟಿದವರಿಂದ ಮೊದಲು ಹಿಂಪಡೆಯಬೇಕು ಎಂಬುದು ಉದ್ದೇಶ. ಕೇಳಲು ಸೊಗಸಾಗಿದೆ. ಆದರೆ ಮಿತಿ ಬರೆಯದ ಗುಂಪಿಗೆ ಮಿತಿ ಅನಂತವೆಂದು ಇಟ್ಟಿದ್ದರು. ಆದ್ದರಿಂದ ಶಿಸ್ತಿನಿಂದ ಮಿತಿ ಬರೆದುಕೊಂಡವರೇ ಮೊದಲು ಕಳೆದುಕೊಳ್ಳುವರು, ಏನೂ ಬರೆಯದೆ ಸುಮ್ಮನಿದ್ದವರು ಸುರಕ್ಷಿತರು. ತೆರಿಗೆಯ ವಿವರ ಸಲ್ಲಿಸಿದವನಿಗೇ ನೋಟಿಸು ಬರುವ ನ್ಯಾಯವಿದು. ರಕ್ಷಣೆ ಬೇಕಾದವರು ಒಬ್ಬಿಬ್ಬರಿದ್ದರೂ ಮಿತಿಯನ್ನು ಉಳಿದ ಎಲ್ಲರ ಮೇಲೂ ಹೇರಬೇಕಾಗುತ್ತಿತ್ತು.

ಇನ್ನು ಖಾತೆ ವರ್ಗಾವಣೆ. ಒಂದು ಗುಂಪಿನ ತಂತ್ರಾಂಶವನ್ನು ಇನ್ನೊಂದು ಗುಂಪಿಗೆ ಒಯ್ದರೆ, ಅದು ಈಗಾಗಲೇ ಬಳಸಿರುವ ಪುಟಗಳ ಖರ್ಚೂ ಅದರೊಡನೆ ಹೋಗಬೇಕೇ ಬೇಡವೇ? ಮೂವ್ ಚಾರ್ಜ್ ಅಟ್ ಇಮಿಗ್ರೇಟ್ ಎಂಬ ಕಟ್ಟಳೆ ಇದನ್ನು ನಿರ್ಧರಿಸುತ್ತಿತ್ತು. ಸರಿಯಾದ ಆಶಯವೇ. ಆದರೆ ಪುಟದ ಒಡೆಯ ಯಾವ ಕ್ಷಣದಲ್ಲಾದರೂ ಬದಲಾಗಬಹುದು ಎಂದ ಮೇಲೆ, ಕಡತದ ಪುಟವೊಂದನ್ನು ಜೋಡಿಸುವಾಗ, ತಿದ್ದುವಾಗ, ಈ ಹೊತ್ತಿನಲ್ಲಿ ಇದರ ಒಡೆಯ ಬದಲಾಗುತ್ತಿಲ್ಲ ತಾನೆ ಎಂದು ಖಚಿತಪಡಿಸಿಕೊಳ್ಳುವ ಬೀಗವೊಂದು ಬೇಕಾಯಿತು. ವರ್ಗಾವಣೆಯನ್ನು ಎಂದೂ ಬಳಸದವರ ದಾರಿಯಲ್ಲೂ ಆ ತಪಾಸಣೆ ಇತ್ತು.

ನಾನಿರುವ ದುವ್ವಾಡದ ಜನಕ್ಕೆ ಇದನ್ನು ರೈಲಿನ ಮಾತಿನಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ವಿಜಯವಾಡದ ಕಡೆಯಿಂದ ಹೌರಾ ಕಡೆಗೆ ಹೋಗುವ ರೈಲು ವಿಶಾಖಪಟ್ಟಣ ನಿಲ್ದಾಣವನ್ನು ಹೊಕ್ಕರೆ ಅಲ್ಲಿ ಎಂಜಿನನ್ನು ಬಿಚ್ಚಿ ಇನ್ನೊಂದು ತುದಿಗೆ ಜೋಡಿಸಿ ಬಂದ ದಿಕ್ಕಿಗೇ ಹಿಂದಿರುಗಬೇಕು. ಅದಕ್ಕೆ ಹಿಡಿಯುವ ಹೊತ್ತನ್ನು ಉಳಿಸಲು ಕೆಲವು ದೂರಪ್ರಯಾಣದ ರೈಲುಗಳು ಆ ನಿಲ್ದಾಣಕ್ಕೆ ಹೋಗದೆ ದುವ್ವಾಡದಲ್ಲೇ ನಿಂತು ಮುಂದೆ ಸಾಗುತ್ತವೆ. ವಿಶಾಖಪಟ್ಟಣದಲ್ಲಿ ಇಳಿಯುವವರು ಸಾವಿರಾರು ಮಂದಿ ಇದ್ದೂ ಈ ಏರ್ಪಾಡು. ಇನ್ನು ಯಾರೂ ಇಳಿಯದ ಊರಿನಲ್ಲಿ ಪ್ರತಿ ರೈಲಿನ ಎಂಜಿನನ್ನೂ ತಿರುಗಿಸಿ ಜೋಡಿಸುತ್ತಿದ್ದರೆ? ಖಾತೆ ವರ್ಗಾವಣೆಯ ಕಟ್ಟಳೆಯಿಂದ ಆಗುತ್ತಿದ್ದುದು ಹೆಚ್ಚುಕಡಿಮೆ ಅದೇ.

ತಿರುಳಿನ ಸ್ವಂತ ಬಳಕೆಗೆ ಇಟ್ಟಿದ್ದ ಪ್ರತ್ಯೇಕ ಮಿತಿಯೂ, ಅಂದರೆ ಕೆಮೆಮ್ ಲಿಮಿಟ್ ಇನ್ ಬೈಟ್ಸ್, ತೊಂದರೆಯನ್ನೇ ತಂದಿತು. ಗುಂಪೊಂದು ಕಡತ ತೆರೆದರೂ ಜಾಲಸಂಪರ್ಕ ಮಾಡಿದರೂ ಅದರ ಪರವಾಗಿ ತಿರುಳು ಒಂದಷ್ಟು ಸ್ಮೃತಿಯನ್ನು ಬಳಸುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯುವುದು ಸರಿ. ಆದರೆ ಅದಕ್ಕೆ ಬೇರೆಯದೇ ಮಿತಿ ಇಟ್ಟಾಗ, ಆ ಮಿತಿ ಮುಟ್ಟಿದೊಡನೆ ಹಿಂಪಡೆಯುವ ಸರಿಯಾದ ದಾರಿಯೇ ಇರಲಿಲ್ಲ. ಕೇಳಿದ ತಂತ್ರಾಂಶಕ್ಕೆ ಇಲ್ಲವೆಂಬ ಉತ್ತರ ಬರುತ್ತಿತ್ತು. ಅಡುಗೆಯ ಖರ್ಚಿಗೂ ಸೌದೆಯ ಖರ್ಚಿಗೂ ಬೇರೆ ಬೇರೆ ಗಂಟು ಕಟ್ಟಿಟ್ಟು, ಸೌದೆಯ ಗಂಟು ಬರಿದಾದಾಗ ಅಕ್ಕಿಯಿದ್ದೂ ಉಪವಾಸ ಮಲಗಿದಂತೆ.

ಇವೆಲ್ಲವನ್ನೂ ತೇಪೆ ಹಾಕಿ ಸರಿಪಡಿಸುವ ಬದಲು ಹೊಸ ಮನೆಯನ್ನೇ ಕಟ್ಟುವುದೆಂದು ತೀರ್ಮಾನವಾಯಿತು. ತೇಜುನ್ ಹೆಯೊ ಅವರ ಮುಂದಾಳ್ತನದಲ್ಲಿ ರೂಪುಗೊಂಡ ಸಿಗ್ರೂಪ್ ಎರಡನೆಯ ಆವೃತ್ತಿ 2016ರ ಮಾರ್ಚಿನಲ್ಲಿ, ತಿರುಳಿನ 4.5ನೆಯ ಬಿಡುಗಡೆಯೊಂದಿಗೆ ಅಧಿಕೃತವಾಯಿತು. ಅದರ ಸ್ಮೃತಿವಿಭಾಗವನ್ನು ಹೊಸದಾಗಿ ಚಿಂತಿಸಿದವರಲ್ಲಿ ಮುಖ್ಯರು ಯೋಹಾನೆಸ್ ವೈನರ್. ಅಲ್ಲಿ ಮಕ್ಕಳ ಖರ್ಚು ತಂದೆಗೆ ಸೇರಿಯೇ ಸೇರುತ್ತದೆ, ಆಯ್ಕೆಯ ಪ್ರಶ್ನೆಯಿಲ್ಲ. ತಿರುಳಿನ ಬಳಕೆ, ತಂತ್ರಾಂಶದ ಬಳಕೆ ಎಂದು ಎರಡು ಗಂಟುಗಳಿಲ್ಲ. ಗುಂಪಿಗೆ ನಾಲ್ಕೇ ಮುಖ್ಯ ಗೆರೆಗಳು: ಏನೇ ಆದರೂ ಹಿಂಪಡೆಯಬಾರದ ಪಾಲು, ಸಾಧ್ಯವಾದಷ್ಟೂ ಮುಟ್ಟಬಾರದ ಪಾಲು, ದಾಟಿದರೆ ವೇಗವನ್ನು ಬಿಗಿಹಿಡಿಯುವ ಮೇಲ್ಮಿತಿ, ಎಂದಿಗೂ ದಾಟಕೂಡದ ಕಡೆಯ ಮಿತಿ. ಮೃದುಮಿತಿಯ ತಲೆಕೆಳಗಾದ ನ್ಯಾಯ ಇಲ್ಲಿ ನೇರವಾಯಿತು. ರಕ್ಷಣೆ ಬೇಕಾದವರು ರಕ್ಷಣೆಯನ್ನು ಕೇಳಿ ಬರೆಸಿಕೊಳ್ಳುತ್ತಾರೆ, ಉಳಿದವರು ಏನೂ ಮಾಡಬೇಕಾಗಿಲ್ಲ.

ಹೊಸ ಮನೆ ಸಿದ್ಧವಾದ ಮೇಲೆ ಹಳೆಯದನ್ನು ಕೆಡವಲು ತಡವೇಕೆ ಎಂದು ಕೇಳಬಹುದು. ಲಿನಕ್ಸ್ ತಿರುಳಿನಲ್ಲಿ ಎಲ್ಲಕ್ಕಿಂತ ಮೇಲಾದ ನಿಯಮವೊಂದಿದೆ. ತಿರುಳನ್ನು ಬದಲಿಸಿದ್ದರಿಂದ, ನಿನ್ನೆಯವರೆಗೆ ನಡೆಯುತ್ತಿದ್ದ ತಂತ್ರಾಂಶ ಇಂದು ನಿಲ್ಲಬಾರದು. ತಪ್ಪು ತಂತ್ರಾಂಶದ್ದೇ ಆಗಿದ್ದರೂ ಸರಿ, ನಿಲ್ಲಬಾರದು. ಟೋರ್ವಾಲ್ಡ್ಸ್ ಈ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟೆಂದರೆ, ನಿಯಮ ಮೀರಿದ ಹಿರಿಯ ಸಹಕಾರಿಗಳನ್ನೂ ಅವರು ಬಹಿರಂಗವಾಗಿ ಗದರಿಸಿದ್ದುಂಟು.

ಈ ನಿಯಮದ ಬೆಲೆ ನಮ್ಮಂಥ ಬ್ಯಾಂಕಿನವರಿಗೆ ಬೇಗ ಅರ್ಥವಾಗುತ್ತದೆ. ಕರಾವಳಿಯ ನಾಲ್ಕು ಬ್ಯಾಂಕುಗಳು ಕನ್ನಡಿಗರ ಮನೆಮಾತಾಗಿದ್ದವು. ಅವುಗಳಲ್ಲಿ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕ್ ನಮ್ಮ ಇಲ್ಲಿನ ಆಂಧ್ರ ಬ್ಯಾಂಕಿನ ಜೊತೆಗೂಡಿ ಯೂನಿಯನ್ ಬ್ಯಾಂಕಿನಲ್ಲಿಯೂ ಸೇರಿದವು. ವಿಲೀನ ಒಂದು ದಿನದ ಮಾತು. ಆದರೆ ಸಿಂಡಿಕೇಟ್ ಬ್ಯಾಂಕಿನ ಹಳೆಯ ಐಎಫ್‌ಎಸ್‌ಸಿ ಸಂಕೇತಗಳು 2021ರ ಜೂನ್ 30ರವರೆಗೂ, ಅಂದರೆ ಹದಿನೈದು ತಿಂಗಳು, ಹೊಸದರ ಜೊತೆಜೊತೆಗೇ ನಡೆದವು. ಏಕೆಂದರೆ ಆ ಸಂಕೇತ ಇದ್ದದ್ದು ಬ್ಯಾಂಕಿನ ಪುಸ್ತಕದಲ್ಲಿ ಮಾತ್ರವಲ್ಲ. ಸಂಬಳ ಕೊಡುವ ಕಚೇರಿಯ ಪಟ್ಟಿಯಲ್ಲಿ, ವಿಮೆಯ ಅರ್ಜಿಯಲ್ಲಿ, ದುಬೈಯಲ್ಲಿರುವ ಮಗನ ಮೊಬೈಲಿನಲ್ಲಿ, ಹತ್ತು ವರ್ಷದ ಹಿಂದೆ ಬಾಡಿಗೆದಾರನಿಗೆ ಬರೆದುಕೊಟ್ಟ ಚೀಟಿಯಲ್ಲಿ ಅದು ಇತ್ತು. ಬ್ಯಾಂಕಿಗೆ ಈ ಚೀಟಿಗಳ ಲೆಕ್ಕ ಸಿಗುವಂತಿಲ್ಲ. ತಿರುಳಿನ ಕಟ್ಟಳೆಯೂ ಹೀಗೆಯೇ. ಅದನ್ನು ರಚಿಸಿದವರಿಗೆ ಅದು ಜಗತ್ತಿನ ಯಾವ ಯಾವ ಯಂತ್ರದ ಯಾವ ಮೂಲೆಯ ತಂತ್ರಾಂಶದಲ್ಲಿ ಬರೆಯಲ್ಪಟ್ಟಿದೆಯೆಂಬುದು ಗೊತ್ತಾಗುವುದೇ ಇಲ್ಲ.

ಆದ್ದರಿಂದ ನಿವೃತ್ತಿಗೆ ಒಂದು ಪದ್ಧತಿ ಬೆಳೆದುಬಂದಿದೆ. ಮೊದಲು ಕಟ್ಟಳೆ ಎಂದಿನಂತೆ ಕೆಲಸ ಮಾಡುತ್ತದೆ, ಆದರೆ ಯಾರಾದರೂ ಅದನ್ನು ಬಳಸಿದೊಡನೆ ಯಂತ್ರದ ದಿನಚರಿಯಲ್ಲಿ ಒಂದು ಎಚ್ಚರಿಕೆ ದಾಖಲಾಗುತ್ತದೆ: ಇದು ಮುಂದೆ ಇರುವುದಿಲ್ಲ, ನಿಮಗೆ ನಿಜಕ್ಕೂ ಬೇಕಾಗಿದ್ದರೆ ಕಾರಣ ಬರೆದು ತಿಳಿಸಿ. ಕೆಲವು ವರ್ಷ ಕಾಯುತ್ತಾರೆ. ಯಾರೂ ಬರೆಯದಿದ್ದರೆ ಕಟ್ಟಳೆಯ ಒಳಗಿನ ಯಂತ್ರವನ್ನು ಬಿಚ್ಚಿ, ಹೊರಗಿನ ಕಡತವನ್ನು ಮಾತ್ರ ಉಳಿಸುತ್ತಾರೆ. ಅದರ ನಂತರವೇ ಕಡತದ ಸರದಿ. ಉಪಗುಂಪುಗಳ ಕಟ್ಟಳೆಗೆ 2021ರಲ್ಲಿ, 5.11ನೆಯ ಬಿಡುಗಡೆಯಲ್ಲಿ, ರೋಮನ್ ಗುಶ್ಚಿನ್ ಮಾಡಿದ್ದು ಇದನ್ನೇ. ಈಗ ಆ ಕಡತವನ್ನು ಓದಿದರೆ ಯಾವಾಗಲೂ 1 ಎಂದೇ ಬರುತ್ತದೆ. 1 ಎಂದು ಬರೆದರೆ ಒಪ್ಪುತ್ತದೆ, ಏನೂ ಮಾಡುವುದಿಲ್ಲ. 0 ಎಂದು ಬರೆದರೆ ನಿರಾಕರಿಸುತ್ತದೆ. ಗೌರವಾಧ್ಯಕ್ಷರ ಹುದ್ದೆಯಂತೆ.

ಆದರೆ ಎಷ್ಟೇ ಎಚ್ಚರವಹಿಸಿದರೂ ಎಡವುವುದು ತಪ್ಪುವುದಿಲ್ಲ ಎಂಬುದಕ್ಕೆ ಕೆಮೆಮ್ ಮಿತಿಯೇ ಸಾಕ್ಷಿ. 2019ರ ನವೆಂಬರಿನ 5.4ನೆಯ ಬಿಡುಗಡೆಯಲ್ಲಿ ಮಿಖಾಲ್ ಹೊಕೊ ಅದಕ್ಕೆ ಎಚ್ಚರಿಕೆಯ ಫಲಕ ತೂಗುಹಾಕಿದರು. ಎರಡು ವರ್ಷಗಳ ತರುವಾಯ ಶಕೀಲ್ ಬಟ್ ಅದರ ಕೆಲಸವನ್ನೇ ನಿಲ್ಲಿಸಿದರು, ಬರೆಯಲು ಹೋದವರಿಗೆ ಬೆಂಬಲವಿಲ್ಲವೆಂಬ ಉತ್ತರ ಬರತೊಡಗಿತು. ದೂರು ವಿಶೇಷವಾಗಿ ಬರಲಿಲ್ಲವೆಂದು 2023ರಲ್ಲಿ ಕಡತವನ್ನೇ ತೆಗೆದುಹಾಕಿದರು, ಆ ಬದಲಾವಣೆ ಹಳೆಯ ಸ್ಥಿರ ಆವೃತ್ತಿಗಳಿಗೂ ಹರಿಯಿತು. ಆಗ ನಿಜವಾದ ದೂರು ಬಂತು. ಕಂಟೇನರುಗಳನ್ನು ನಡೆಸುವ ಕೆಲವು ಹಳೆಯ ತಂತ್ರಾಂಶಗಳು ಆ ಕಡತ ಕಾಣದೆ ಮುಗ್ಗರಿಸಿದವು. ಅವುಗಳಿಗೆ ಆ ಮಿತಿಯಿಂದ ಆಗಬೇಕಾದ್ದು ಏನೂ ಇರಲಿಲ್ಲ. ಸುಮ್ಮನೆ ಕಡತ ಇದ್ದೇ ಇರುತ್ತದೆಂದು ನಂಬಿದ್ದವು, ಅಷ್ಟೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೊಕೊ ತಾವೇ ತೆಗೆದ ಕಡತವನ್ನು ತಾವೇ ಮರಳಿ ಇಟ್ಟರು. ಅದರಲ್ಲಿ ಏನು ಬರೆದರೂ ತಿರುಳು ಸ್ವೀಕರಿಸುತ್ತದೆ, ದಿನಚರಿಯಲ್ಲೊಂದು ಎಚ್ಚರಿಕೆ ಹಾಕುತ್ತದೆ, ಮತ್ತೇನೂ ಮಾಡುವುದಿಲ್ಲ.

ಇದನ್ನು ಓದಿ ಕೆಲವರು ನಗಬಹುದು. ನನಗೆ ಮೆಚ್ಚುಗೆಯೇ ಮೂಡಿತು. ಬದಲಾವಣೆ ಮಾಡಿದವರು ದೂರು ಕೊಟ್ಟವರಿಗೆ, ನಿಮ್ಮ ತಂತ್ರಾಂಶ ಹಳೆಯದು, ಹೊಸದನ್ನು ಹಾಕಿಕೊಳ್ಳಿ ಎಂದು ಕೈತೊಳೆದುಕೊಳ್ಳಬಹುದಿತ್ತು. ನಾಲ್ಕು ವರ್ಷಗಳ ಸೂಚನೆಯೂ ಅವರ ಪಕ್ಷಕ್ಕಿತ್ತು. ಹಾಗೆನ್ನದೆ ಹಿಂದೆ ಸರಿದರು. ನಮ್ಮ ದೇಶದಲ್ಲಿ ಪಿಂಚಣಿದಾರನ ಬೆರಳಚ್ಚು ಹೊಂದದಿದ್ದಾಗ, ವಿಳಾಸದ ಒಂದಕ್ಷರ ವ್ಯತ್ಯಾಸವಾದಾಗ, ತಪ್ಪು ನಿಮ್ಮದೇ ಎನ್ನುವ ಕಿಟಕಿಗಳು ಎಷ್ಟಿವೆಯೆಂದು ಬಲ್ಲವರಿಗೆ ಈ ನಡೆಯ ಬೆಲೆ ತಿಳಿದೀತು.

2024ರಿಂದ ನಿವೃತ್ತಿಯ ಗತಿ ಚುರುಕಾಗಿದೆ. ಆ ವರ್ಷದ ಸೆಪ್ಟೆಂಬರಿನ 6.11ನೆಯ ಬಿಡುಗಡೆಯಲ್ಲಿ ಹಳೆಯ ಆವೃತ್ತಿಯ ಸ್ಮೃತಿಲೆಕ್ಕವನ್ನೆಲ್ಲ ಬೇರೆ ಕಡತಕ್ಕೆ ಎತ್ತಿಟ್ಟು, ಬೇಕಾದವರು ಮಾತ್ರ ಸೇರಿಸಿಕೊಳ್ಳುವಂತೆ ಮಾಡಿದರು. ಏನೂ ಕೇಳದಿದ್ದರೆ ಅದು ಸೇರುವುದಿಲ್ಲ. ನವೆಂಬರಿನ 6.12ರಲ್ಲಿ ಮೃದುಮಿತಿ, ಒತ್ತಡದ ಸೂಚನೆ ಮುಂತಾದ ಕೆಲವು ಕಟ್ಟಳೆಗಳಿಗೆ ಎಚ್ಚರಿಕೆಯ ಫಲಕ ಬಿತ್ತು. 2025ರ ಜನವರಿಯ 6.13ರಲ್ಲಿ ಖಾತೆ ವರ್ಗಾವಣೆ ಸಂಪೂರ್ಣವಾಗಿ ನಿಂತು, ಅದರೊಂದಿಗೆ ಎಲ್ಲರ ದಾರಿಯಲ್ಲೂ ಇದ್ದ ಆ ಬೀಗವೂ ಹೋಯಿತು.

ಒತ್ತಡದ ಸೂಚನೆಯ ಬಗ್ಗೆ ಎರಡು ಮಾತು ಹೇಳಬೇಕು, ಏಕೆಂದರೆ ಅದು ನಮ್ಮ ಮೊಬೈಲಿಗೆ ಸಂಬಂಧಿಸಿದ್ದು. ಸ್ಮೃತಿ ಕಡಿಮೆಯಾದಾಗ ಯಾವ ಆಪನ್ನು ಮುಚ್ಚಬೇಕೆಂದು ಆಂಡ್ರಾಯ್ಡ್ ನಿರ್ಧರಿಸಬೇಕಲ್ಲವೇ? ಒಂದು ಕಾಲಕ್ಕೆ ಅದು ಪ್ರೆಷರ್ ಲೆವೆಲ್ ಎಂಬ ಹಳೆಯ ಕಟ್ಟಳೆಯನ್ನು ನಂಬಿತ್ತು. ಪುಟಗಳನ್ನು ಹಿಂಪಡೆಯಲು ತಿರುಳು ಎಷ್ಟು ಹೆಣಗುತ್ತಿದೆ ಎಂಬುದರಿಂದ ಆ ಕಟ್ಟಳೆ ಒತ್ತಡವನ್ನು ಊಹಿಸುತ್ತಿತ್ತು. ಊಹೆಯಾದ್ದರಿಂದ ಕೆಲವೊಮ್ಮೆ ಸುಳ್ಳು ಗಂಟೆ ಬಾರಿಸುತ್ತಿತ್ತು. 2018ರ ಡಿಸೆಂಬರಿನ 4.20ನೆಯ ಬಿಡುಗಡೆಯಲ್ಲಿ ಯೋಹಾನೆಸ್ ವೈನರ್ ಹೊಸ ಅಳತೆಗೋಲು ತಂದರು. ಸ್ಮೃತಿಗಾಗಿ ಕಾಯುತ್ತ ತಂತ್ರಾಂಶಗಳು ಎಷ್ಟು ಕಾಲ ಕಳೆದವು ಎಂಬುದನ್ನೇ ಅದು ನೇರವಾಗಿ ಅಳೆಯುತ್ತದೆ. ಬ್ಯಾಂಕಿನಲ್ಲಿ ಜನಸಂದಣಿಯನ್ನು ಗುಮಾಸ್ತನ ಬೆವರಿನಿಂದ ಅಳೆಯುವುದಕ್ಕೂ, ಸಾಲಿನಲ್ಲಿ ನಿಂತವರು ಕಾದ ನಿಮಿಷಗಳಿಂದ ಅಳೆಯುವುದಕ್ಕೂ ಇರುವ ವ್ಯತ್ಯಾಸವಿದು. 2019ರಲ್ಲಿ ಬಂದ ಆಂಡ್ರಾಯ್ಡ್ 10ರಿಂದ ಮೊಬೈಲುಗಳು ಈ ಹೊಸ ಅಳತೆಯನ್ನು ಬಳಸಬಲ್ಲವು.

ಸರ್ವರುಗಳ ಲೋಕದಲ್ಲೂ ಸ್ಥಳಾಂತರ ಬಹುಮಟ್ಟಿಗೆ ಮುಗಿದಿದೆ. ಫೆಡೋರಾ 2019ರ ಅಕ್ಟೋಬರಿನಲ್ಲಿ 31ನೆಯ ಆವೃತ್ತಿಯೊಂದಿಗೆ ಎರಡನೆಯ ಸಿಗ್ರೂಪನ್ನೇ ಮುಖ್ಯವಾಗಿಸಿತು. ಕಂಟೇನರುಗಳನ್ನು ಮೇಯಿಸುವ ಕುಬರ್ನೆಟಿಸ್ 2022ರಲ್ಲಿ ಅದಕ್ಕೆ ಪೂರ್ಣ ಬೆಂಬಲ ಘೋಷಿಸಿತು. ಲಿನಕ್ಸ್ ಯಂತ್ರವನ್ನು ಎಬ್ಬಿಸಿ ನಿಲ್ಲಿಸುವ ಸಿಸ್ಟಮ್‌ಡಿ ಎಂಬ ತಂತ್ರಾಂಶ 2024ರ ಜೂನಿನ 256ನೆಯ ಆವೃತ್ತಿಯಲ್ಲಿ, ಬೇಕೆಂದು ಒತ್ತಾಯಿಸಿದ ಹೊರತು ಹಳೆಯ ಸಿಗ್ರೂಪಿನ ಮೇಲೆ ಯಂತ್ರವನ್ನು ಆರಂಭಿಸುವುದಿಲ್ಲವೆಂದು ಖಡಾಖಂಡಿತ ಹೇಳಿತು.

ಉಳಿದಿರುವವರು ಯಾರೆಂದರೆ, ಒಮ್ಮೆ ಕೂರಿಸಿದ ಯಂತ್ರವನ್ನು ಮತ್ತೆ ಮುಟ್ಟದವರು. ರೆಡ್ ಹ್ಯಾಟ್ 7 ಮತ್ತು ಅದರ ಉಚಿತ ರೂಪವಾದ ಸೆಂಟ್‌ಓಎಸ್ 7 ಹಳೆಯ ಸಿಗ್ರೂಪಿನ ಮೇಲೆ ನಡೆಯುತ್ತಿದ್ದವು. ಎರಡಕ್ಕೂ ಸಾಮಾನ್ಯ ಪೋಷಣೆ 2024ರ ಜೂನ್ 30ರಂದು ಮುಗಿಯಿತು. ಅಂಥ ಯಂತ್ರಗಳ ಒಡೆಯರಿಗೆ ಒಂದು ದಿನ ಹೊಸ ತಿರುಳಿಗೆ ಹೋಗಲೇಬೇಕಾಗುತ್ತದೆ, ಅಂದು ಹತ್ತು ವರ್ಷಗಳ ಬದಲಾವಣೆ ಒಮ್ಮೆಲೇ ಎದುರಾಗುತ್ತದೆ. ಎಚ್ಚರಿಕೆ ಕೊಟ್ಟಿರಲಿಲ್ಲವೇ ಎಂದರೆ, ಕೊಟ್ಟಿದ್ದರು. ಆದರೆ ಯಂತ್ರದ ದಿನಚರಿಯನ್ನು ತೆರೆದು ನೋಡುವವರು ಎಷ್ಟು ಮಂದಿ? ವಿಲೀನದ ಕಾಲದಲ್ಲಿ ಗಿರಾಕಿಗಳಿಗೆ ಕಳುಹಿಸಿದ ಸಂದೇಶಗಳ ಗತಿ ಏನಾಯಿತೆಂದು ಕೌಂಟರಿನಲ್ಲಿ ಕುಳಿತ ನನ್ನಂಥವರಿಗೆ ಗೊತ್ತು. ಓದಿದವರಿಗಿಂತ, ಹಣ ಹಿಂದಿರುಗಿ ಬಂದ ಮೇಲೆ ಚೀಟಿ ಹಿಡಿದು ಬಂದವರೇ ಹೆಚ್ಚು. ಎಚ್ಚರಿಕೆಯನ್ನು ಎಲ್ಲಿ ಬರೆಯಬೇಕೆಂಬ ಪ್ರಶ್ನೆಗೆ ತಿರುಳಿನವರೂ ತೃಪ್ತಿಕರವಾದ ಉತ್ತರ ಕಂಡುಕೊಂಡಿಲ್ಲವೆಂದೇ ನನ್ನ ಅಭಿಪ್ರಾಯ.

ಸಣ್ಣ ಸಂಸ್ಥೆಗಳ, ಆಸ್ಪತ್ರೆಗಳ, ಶಾಲೆಗಳ ಗಣಕಗಳನ್ನು ನೋಡಿಕೊಳ್ಳುವ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ಅವರು ಎರಡು ಸಂಗತಿ ಪರೀಕ್ಷಿಸಿಕೊಳ್ಳಬಹುದು. ಸಿಸ್, ಎಫ್‌ಎಸ್, ಸಿಗ್ರೂಪ್ ಎಂಬ ದಾರಿಯಲ್ಲಿರುವ ಕೋಶದ ಬಗೆಯನ್ನು ಕೇಳಿದಾಗ ಸಿಗ್ರೂಪ್2ಎಫ್‌ಎಸ್ ಎಂಬ ಉತ್ತರ ಬಂದರೆ ಯಂತ್ರ ಹೊಸ ಮನೆಯಲ್ಲಿದೆ. ಟೆಂಪ್‌ಎಫ್‌ಎಸ್ ಎಂದು ಬಂದರೆ ಇನ್ನೂ ಹಳೆಯ ಮನೆಯಲ್ಲೇ ಇದೆ, ಅಥವಾ ಎರಡು ಮನೆಗಳಲ್ಲೂ ಒಂದೊಂದು ಕಾಲಿಟ್ಟಿದೆ. ತಿರುಳಿನ ದಿನಚರಿಯಲ್ಲಿ ಡೆಪ್ರಿಕೇಟೆಡ್ ಎಂಬ ಪದವನ್ನು ಹುಡುಕಿದರೆ ನಿವೃತ್ತಿಯ ಅಂಚಿನಲ್ಲಿರುವ ಯಾವ ಕಟ್ಟಳೆಗಳನ್ನು ತಮ್ಮ ತಂತ್ರಾಂಶ ಮುಟ್ಟುತ್ತಿದೆಯೆಂಬುದೂ ಗೊತ್ತಾಗುತ್ತದೆ.

ಬೆಂಗಳೂರಿನಲ್ಲಿ ಬರೆದ ಆ ಮೊದಲ ಲೆಕ್ಕದ ಒಳಗಿನ ಸಾಮಗ್ರಿ ಬಹುತೇಕ ಬದಲಾಗಿದೆ. ಪುಟಕ್ಕೊಂದರಂತೆ ಇಡುತ್ತಿದ್ದ ಪ್ರತ್ಯೇಕ ದಾಖಲೆ, ಖರ್ಚನ್ನು ಎಣಿಸುತ್ತಿದ್ದ ಹಳೆಯ ಎಣಿಕೆಗಾರ, ಎರಡೂ 2015ರ ಆರಂಭದ 3.19ನೆಯ ಬಿಡುಗಡೆಯ ವೇಳೆಗೇ ಜಾಗ ಬಿಟ್ಟುಕೊಟ್ಟವು. ಮೊದಲು ಮುಟ್ಟಿದವನ ಲೆಕ್ಕಕ್ಕೆ ಎಂಬ ನಿಯಮ ಮಾತ್ರ ಹೊಸ ಮನೆಗೂ ಬಂದಿದೆ. ಬಲ್ಬೀರ್ ಸಿಂಗ್ ಅವರ ಹೆಸರಿನೊಡನೆ ಆರಂಭವಾದ ವಿವರಣಾ ಕಡತವೂ ತಿರುಳಿನ ದಾಖಲೆಗಳ ನಡುವೆ ಉಳಿದುಕೊಂಡಿದೆ. ಅದರ ನೆತ್ತಿಯ ಮೇಲೆ ಅನಂತರದವರು ಒಂದು ಸೂಚನೆ ಸೇರಿಸಿದ್ದಾರೆ. ಈ ಬರಹ ತೀರ ಹಳತಾಗಿದೆ, ಪೂರ್ತಿ ಹೊಸದಾಗಿ ಬರೆಯಬೇಕಾಗಿದೆ, ಆದರೂ ಉಪಯುಕ್ತ ವಿಷಯಗಳಿರುವುದರಿಂದ ಇರಿಸಿಕೊಂಡಿದ್ದೇವೆ ಎಂಬುದು ಅದರ ಸಾರ.